ಆಟಿಕೆ ಇಟ್ಟಿಗೆಯಲ್ಲಿ ಕಿಲೋಗ್ರಾಂ

ಮಕ್ಕಳು ಜೋಡಿಸಿ ಆಡುವ ಬಣ್ಣ ಬಣ್ಣದ ಪ್ಲಾಸ್ಟಿಕ್ ಇಟ್ಟಿಗೆಗಳನ್ನು ನೀವು ನೋಡಿರುತ್ತೀರಿ. ಒಂದರ ಮೇಲೊಂದು ಇಟ್ಟು ಒತ್ತಿದರೆ ಗಟ್ಟಿಯಾಗಿ ಕೂರುತ್ತವೆ, ಎಳೆದರೆ ಮತ್ತೆ ಬಿಡಿಬಿಡಿಯಾಗುತ್ತವೆ. ಅವುಗಳಿಂದ ಮನೆ, ಗೋಪುರ, ಲಾರಿ ಮಾಡುವುದು ಸಾಮಾನ್ಯ. ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯ ವಿಜ್ಞಾನಿಗಳು ಇದೇ ಇಟ್ಟಿಗೆಗಳಿಂದ ಒಂದು ತಕ್ಕಡಿ ಕಟ್ಟಿ, ಅದರ ವಿವರಗಳನ್ನು 2015ರಲ್ಲಿ 'ಅಮೆರಿಕನ್ ಜರ್ನಲ್ ಆಫ್ ಫಿಸಿಕ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಮೇಜಿನ ಮೇಲೆ ಕೂರುವ ಈ ತಕ್ಕಡಿಗೆ ತೂಕದ ಬಟ್ಟು ಬೇಕಿಲ್ಲ. ಕೆಲವೇ ಗ್ರಾಂ ದ್ರವ್ಯರಾಶಿಯನ್ನು ಅದು ಶೇಕಡ 1ರ ಅನಿಶ್ಚಿತತೆಯೊಳಗೆ ಅಳೆಯುತ್ತದೆ. ಅಳೆಯಲು ಆಧಾರವಾಗಿರುವುದು ಕ್ವಾಂಟಂ ಭೌತವಿಜ್ಞಾನದ ಪ್ಲಾಂಕ್ ನಿಯತಾಂಕ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಪ್ಲಾಸ್ಟಿಕ್ ಇಟ್ಟಿಗೆ ಭಾರಕ್ಕೆ ಬಾಗುತ್ತದೆ, ಬಿಸಿಲಿಗೆ ಹಿಗ್ಗುತ್ತದೆ. ಅದರ ಸ್ಥಿತಿಸ್ಥಾಪಕ ಗುಣಾಂಕ ಉಕ್ಕಿನದರ ಸುಮಾರು ನೂರನೆಯ ಒಂದು ಭಾಗ. ಉಷ್ಣದಿಂದ ಹಿಗ್ಗುವುದು ಉಕ್ಕಿನ ಆರೇಳು ಪಟ್ಟು. ಇಂಥ ವಸ್ತುವಿನಿಂದ ಕಟ್ಟಿದ ಯಂತ್ರದ ಅಳತೆಯನ್ನು ನಂಬುವುದು ಹೇಗೆ? ಉತ್ತರ ಇಟ್ಟಿಗೆಯಲ್ಲಿ ಸ್ವಲ್ಪ ಇದೆ. ಹೆಚ್ಚಿನ ಪಾಲು ಇರುವುದು ಪ್ರಯೋಗದ ವಿನ್ಯಾಸದಲ್ಲಿ.

ಇಟ್ಟಿಗೆಯ ಅಳತೆ

ಈ ಬಗೆಯ ಇಟ್ಟಿಗೆಗಳಲ್ಲಿ ಹೆಚ್ಚು ಪ್ರಸಿದ್ಧವಾದುದು ಡೆನ್ಮಾರ್ಕಿನ ಲೆಗೊ. ಬಿಲ್ಲುಂಡ್ ಎಂಬ ಊರಿನ ಬಡಗಿ ಓಲೆ ಕಿರ್ಕ್ ಕ್ರಿಸ್ಟಿಯಾನ್‌ಸೆನ್ 1932ರಲ್ಲಿ ಮರದ ಆಟಿಕೆಗಳ ತಯಾರಿಕೆಗೆ ಕೈಹಾಕಿದ. 1934ರಲ್ಲಿ ಇಟ್ಟ ಹೆಸರು ಲೆಗೊ. ಡೇನಿಷ್ ಭಾಷೆಯಲ್ಲಿ 'ಚೆನ್ನಾಗಿ ಆಡು' ಎಂಬ ಅರ್ಥದ ಎರಡು ಪದಗಳನ್ನು ಕೂಡಿಸಿ ಮಾಡಿದ ಹೆಸರು ಅದು. ಇಂಗ್ಲೆಂಡಿನ ಹಿಲರಿ ಪೇಜ್ ಎಂಬಾತ ರೂಪಿಸಿದ್ದ ಪ್ಲಾಸ್ಟಿಕ್ ಇಟ್ಟಿಗೆಯ ಮಾದರಿ ಅನುಸರಿಸಿ 1949ರಲ್ಲಿ ಪ್ಲಾಸ್ಟಿಕ್ ಇಟ್ಟಿಗೆಗಳು ಬಂದವು. ಆದರೆ ಅವು ಒಳಗೆ ಟೊಳ್ಳು. ಒಂದನ್ನೊಂದು ಬಿಗಿಯಾಗಿ ಹಿಡಿಯುತ್ತಿರಲಿಲ್ಲ. 1958ರ ಜನವರಿ 28ರಂದು ಪೇಟೆಂಟಿಗೆ ಸಲ್ಲಿಸಿದ ವಿನ್ಯಾಸದಲ್ಲಿ ಇಟ್ಟಿಗೆಯ ಅಡಿಯಲ್ಲಿ ಕೊಳವೆಗಳು ಸೇರಿದವು. ಮೇಲಿನ ಗುಬುಟು ಕೆಳಗಿನ ಕೊಳವೆ ಮತ್ತು ಗೋಡೆಗಳ ನಡುವೆ ಸಿಕ್ಕಿಕೊಳ್ಳುವಾಗ ಪ್ಲಾಸ್ಟಿಕ್ ಕೂದಲೆಳೆಗಿಂತ ಕಡಿಮೆ ಹಿಗ್ಗಿ, ಮತ್ತೆ ಮೊದಲ ರೂಪಕ್ಕೆ ಬರಲು ಹವಣಿಸುತ್ತದೆ. ಆ ಒತ್ತಡದಿಂದ ಹುಟ್ಟುವ ಘರ್ಷಣೆಯೇ ಇಟ್ಟಿಗೆಗಳ ಹಿಡಿತ. 1963ರಿಂದ ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್ ಬಳಕೆಗೆ ಬಂತು.

ಹಿಡಿತ ಹೀಗೆ ಕೂದಲೆಳೆಯ ಲೆಕ್ಕದಲ್ಲಿರುವುದರಿಂದ ಅಚ್ಚು ಬಹಳ ನಿಖರವಾಗಿರಬೇಕಾಗುತ್ತದೆ. ತುಸು ದೊಡ್ಡದಾದರೆ ಇಟ್ಟಿಗೆ ಕೂರದು, ತುಸು ಚಿಕ್ಕದಾದರೆ ಜಾರುತ್ತದೆ. ಅಚ್ಚುಗಳಲ್ಲಿ ಅನುಮತಿಸುವ ವ್ಯತ್ಯಾಸ ಸುಮಾರು 10 ಮೈಕ್ರೋಮೀಟರ್. 1958ರ ಇಟ್ಟಿಗೆ ಇಂದಿನದಕ್ಕೂ ಹೊಂದುತ್ತದೆ. ಮೂಲ ಪೇಟೆಂಟಿನ ಅವಧಿ ಮುಗಿದು ದಶಕಗಳೇ ಆದುದರಿಂದ ಇಂದು ಹಲವು ಕಂಪನಿಗಳು ಇದೇ ಅಳತೆಯ ಇಟ್ಟಿಗೆ ಮಾಡುತ್ತವೆ. ಅಗ್ಗದ ಇಟ್ಟಿಗೆಗಳಲ್ಲಿ ಗುಣಮಟ್ಟದ ವ್ಯತ್ಯಾಸ ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುತ್ತದೆ.

ಯಂತ್ರ ಕಟ್ಟುವವರಿಗೆ ಮುಖ್ಯವಾದುದು ಅಳತೆಗಳ ಹೊಂದಾಣಿಕೆ. ಗುಬುಟಿನಿಂದ ಗುಬುಟಿಗೆ ಅಂತರ 8 ಮಿ.ಮೀ. ಇಟ್ಟಿಗೆಯ ಎತ್ತರ 9.6 ಮಿ.ಮೀ. ಅದರ ಮೂರನೆಯ ಒಂದು ಭಾಗ, ಅಂದರೆ 3.2 ಮಿ.ಮೀ., ಚಪ್ಪಟೆ ಫಲಕದ ದಪ್ಪ. ಒಂದು ಇಟ್ಟಿಗೆ ಮತ್ತು ಎರಡು ಫಲಕ ಸೇರಿದರೆ 9.6 + 6.4 = 16 ಮಿ.ಮೀ. ಅದು ಎರಡು ಗುಬುಟುಗಳ ಅಂತರ. ಹೀಗಾಗಿ ಅಡ್ಡ ಮತ್ತು ಉದ್ದ ಅಳತೆಗಳು ಒಂದಕ್ಕೊಂದು ತಾಳೆಯಾಗುತ್ತವೆ. ಎಷ್ಟು ಬಗೆಯ ಜೋಡಣೆ ಸಾಧ್ಯ ಎಂಬುದೂ ಒಂದು ಗಣಿತದ ಪ್ರಶ್ನೆ. ಎಂಟು ಗುಬುಟಿನ ಒಂದೇ ಬಣ್ಣದ ಎರಡು ಇಟ್ಟಿಗೆಗಳನ್ನು 24 ರೀತಿಯಲ್ಲಿ ಜೋಡಿಸಬಹುದು. ಆರು ಇಟ್ಟಿಗೆಗಳಿದ್ದರೆ? ಡೆನ್ಮಾರ್ಕಿನ ಗಣಿತಜ್ಞರು ಗಣಕದಿಂದ ಎಣಿಸಿ ಕೊಟ್ಟ ಉತ್ತರ 91,51,03,765.

ಹಲ್ಲುಗಳ ಲೆಕ್ಕ

1977ರಲ್ಲಿ ಬಂದ 'ಟೆಕ್ನಿಕ್' ಮಾದರಿಯಲ್ಲಿ ಇಟ್ಟಿಗೆಯ ಪಕ್ಕದಲ್ಲಿ ತೂತುಗಳು, ಅವುಗಳಲ್ಲಿ ತೂರಿಸಲು ಅಚ್ಚುಗಳು, ಅಚ್ಚಿಗೆ ಹಾಕಲು ಗಿಯರುಗಳು ಬಂದವು. ಆಟಿಕೆ ಯಂತ್ರವಾದದ್ದು ಆಗ. ಇದರ ಗಿಯರುಗಳಲ್ಲಿ ಒಂದು ಜಾಣತನವಿದೆ. ಗಿಯರಿನ ಹಲ್ಲುಗಳ ಸಂಖ್ಯೆ ಎಷ್ಟೋ ಅದರ ಕಾರ್ಯವ್ಯಾಸ ಅಷ್ಟೇ ಮಿಲಿಮೀಟರು. 8 ಹಲ್ಲಿನದರ ತ್ರಿಜ್ಯ 4 ಮಿ.ಮೀ., 24 ಹಲ್ಲಿನದರದು 12 ಮಿ.ಮೀ., 40 ಹಲ್ಲಿನದರದು 20 ಮಿ.ಮೀ. ಎಂಟಕ್ಕೆ ಇಪ್ಪತ್ತನಾಲ್ಕನ್ನು ಕೂಡಿಸಬೇಕಾದರೆ ಅಚ್ಚುಗಳ ಅಂತರ 4 + 12 = 16 ಮಿ.ಮೀ., ಅಂದರೆ ಎರಡು ತೂತು. ಎಂಟಕ್ಕೆ ನಲವತ್ತಾದರೆ 24 ಮಿ.ಮೀ., ಮೂರು ತೂತು. ಎಲ್ಲವೂ ತೂತಿನ ಮೇಲೆಯೇ ಬೀಳುತ್ತದೆ. ಎಂಟಕ್ಕೆ ಹದಿನಾರನ್ನು ಕೂಡಿಸಿ ನೋಡಿ: 12 ಮಿ.ಮೀ., ಒಂದೂವರೆ ತೂತು! ಇದಕ್ಕೆ ಅಚ್ಚನ್ನು ಅರ್ಧ ತೂತು ಸರಿಸಿ ಕೂರಿಸುವ ಬೇರೆ ಭಾಗ ಬೇಕಾಗುತ್ತದೆ. ವೇಗಾನುಪಾತದ ಪಾಠ ಮಾಡುವ ಶಿಕ್ಷಕರಿಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ.

8 ಹಲ್ಲಿನ ಗಿಯರು 40 ಹಲ್ಲಿನದನ್ನು ತಿರುಗಿಸಿದರೆ ವೇಗ ಐದನೆಯ ಒಂದು ಭಾಗಕ್ಕಿಳಿಯುತ್ತದೆ. ಇಂಥ ಐದು ಜೋಡಿಗಳನ್ನು ಸರಣಿಯಾಗಿ ಇಟ್ಟರೆ 5 × 5 × 5 × 5 × 5 = 3125. ಮೊದಲ ಅಚ್ಚು ಸೆಕೆಂಡಿಗೆ ಒಂದು ಸುತ್ತು ಸುತ್ತಿದರೆ ಕೊನೆಯ ಅಚ್ಚಿಗೆ ಒಂದು ಸುತ್ತಿಗೆ 52 ನಿಮಿಷ ಬೇಕು. ಹತ್ತು ಜೋಡಿಗಳಾದರೆ 113 ದಿನ! ಮಕ್ಕಳು ಇದನ್ನು ಕಾಗದದ ಮೇಲೆ ನಂಬುವುದಿಲ್ಲ, ಕಟ್ಟಿ ತೋರಿಸಬೇಕು.

ಗುಣಾಕಾರದಿಂದ ಎಲ್ಲ ಅನುಪಾತಗಳೂ ಸಿಗುವುದಿಲ್ಲ ಎಂಬುದನ್ನು ಗಮನಿಸಿ. ಸಾಮಾನ್ಯವಾಗಿ ಸಿಗುವ ಗಿಯರುಗಳು 8, 12, 16, 20, 24, 36 ಮತ್ತು 40 ಹಲ್ಲಿನವು. ಈ ಸಂಖ್ಯೆಗಳ ಅವಿಭಾಜ್ಯ ಅಪವರ್ತನಗಳು 2, 3 ಮತ್ತು 5 ಮಾತ್ರ. ಎಷ್ಟೇ ಜೋಡಿ ಸೇರಿಸಿದರೂ 19 ಅಥವಾ 127 ಬರುವುದಿಲ್ಲ. ಇದು ಬರಿಯ ಲೆಕ್ಕದ ಕುತೂಹಲವಲ್ಲ. ಗ್ರೀಸಿನ ಆಂಟಿಕಿಥೆರಾ ದ್ವೀಪದ ಬಳಿ ಮುಳುಗಿದ್ದ ಹಡಗಿನಿಂದ 1901ರಲ್ಲಿ ಮೇಲೆತ್ತಿದ ಕಂಚಿನ ಯಂತ್ರ ಸುಮಾರು ಎರಡು ಸಾವಿರ ವರ್ಷ ಹಳೆಯದು. ಸೂರ್ಯ, ಚಂದ್ರರ ಚಲನೆಯನ್ನೂ ಗ್ರಹಣಗಳನ್ನೂ ಅದು ಗಿಯರುಗಳಿಂದ ಲೆಕ್ಕಹಾಕುತ್ತಿತ್ತು. 19 ವರ್ಷಗಳಲ್ಲಿ ಚಂದ್ರ ನಕ್ಷತ್ರಗಳ ಹಿನ್ನೆಲೆಯಲ್ಲಿ 254 ಸುತ್ತು ಸುತ್ತುತ್ತದೆ. 254 ಎಂದರೆ 127ರ ಎರಡರಷ್ಟು. ಗ್ರಹಣಗಳ ಆವರ್ತ 223 ಚಾಂದ್ರಮಾಸ. ಗ್ರೀಕ್ ಕಮ್ಮಾರ 127 ಹಲ್ಲಿನ ಮತ್ತು 223 ಹಲ್ಲಿನ ಗಿಯರುಗಳನ್ನೇ ಅರದಿಂದ ಉಜ್ಜಿ ಮಾಡಿದ. ಆಟಿಕೆಯಲ್ಲಿ ಆ ಅನುಕೂಲವಿಲ್ಲ.

ಇದಕ್ಕೆ ಪರಿಹಾರ ಡಿಫರೆನ್ಶಿಯಲ್. ಕಾರಿನ ಹಿಂದಿನ ಚಕ್ರಗಳ ನಡುವೆ ಇರುವುದೂ ಇದೇ. ಅದರ ಎರಡು ಅಚ್ಚುಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಿಸಿದರೆ ನಡುವಿನ ಪಂಜರ ಅವುಗಳ ಮೊತ್ತದ ಅರ್ಧದಷ್ಟು ವೇಗದಲ್ಲಿ ತಿರುಗುತ್ತದೆ. ಎಂದರೆ ಇದು ಕೂಡುವ ಯಂತ್ರ. ಒಂದು ಅಚ್ಚನ್ನು ತಿರುವುಮುರುವು ಮಾಡಿದರೆ ಕಳೆಯುವ ಯಂತ್ರ. ಈಗ 19 ಬೇಕೆ? 10 + 9 ಮಾಡಿ. ಹತ್ತು ಎಂದರೆ ಐದು ಮತ್ತು ಎರಡರ ಜೋಡಿ, ಒಂಬತ್ತು ಎಂದರೆ ಎರಡು ಸಲ ಮೂರು. 127 ಬೇಕಾದರೆ 125 + 2. 223 ಬೇಕಾದರೆ 225 − 2. ವಿದ್ಯಾರ್ಥಿಗಳು 235ಕ್ಕೆ ದಾರಿ ಹುಡುಕಲಿ. ಅಮೆರಿಕದ ತಂತ್ರಾಂಶ ಇಂಜಿನಿಯರ್ ಆ್ಯಂಡ್ರೂ ಕ್ಯಾರಲ್ 2010ರಲ್ಲಿ ಡಿಫರೆನ್ಶಿಯಲ್‌ಗಳನ್ನು ಬಳಸಿ ಸುಮಾರು 1500 ಲೆಗೊ ಭಾಗಗಳಿಂದ ಆಂಟಿಕಿಥೆರಾ ಯಂತ್ರದ ಕೆಲಸ ಮಾಡುವ ಪ್ರತಿರೂಪ ಕಟ್ಟಿದ. ಅದರಲ್ಲಿ 110 ಗಿಯರುಗಳು. ಅದಕ್ಕೂ ಮೊದಲು ಅವನು ಚಾರ್ಲ್ಸ್ ಬ್ಯಾಬೇಜನ ವ್ಯತ್ಯಾಸ ಯಂತ್ರವನ್ನೂ ಇಟ್ಟಿಗೆಗಳಲ್ಲಿ ಕಟ್ಟಿದ್ದ.

ಆಟಿಕೆಯಿಂದ ನಿಜವಾದ ಲೆಕ್ಕ ಮಾಡಿದವರಲ್ಲಿ ಇವರೇ ಮೊದಲಿಗರಲ್ಲ. ಲೆಗೊಗಿಂತ ಹಿಂದಿನ ತಲೆಮಾರಿನ ಜೋಡಣೆ ಆಟಿಕೆ ಮೆಕಾನೊ. ತೂತುಗಳಿರುವ ಲೋಹದ ಪಟ್ಟಿಗಳು, ನಟ್ಟು, ಬೋಲ್ಟುಗಳ ಈ ಆಟಿಕೆಯ ಪೇಟೆಂಟನ್ನು ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ 1901ರಲ್ಲಿ ಪಡೆದ. 1934ರಲ್ಲಿ ಮ್ಯಾಂಚೆಸ್ಟರಿನ ಡಗ್ಲಸ್ ಹಾರ್ಟ್ರೀ ಮತ್ತು ಅವನ ವಿದ್ಯಾರ್ಥಿ ಆರ್ಥರ್ ಪೋರ್ಟರ್ ಸುಮಾರು 20 ಪೌಂಡು ಬೆಲೆಯ ಮೆಕಾನೊ ಭಾಗಗಳಿಂದ ಅವಕಲ ಸಮೀಕರಣಗಳನ್ನು ಬಿಡಿಸುವ ಯಂತ್ರ ಕಟ್ಟಿದರು. ನಿಖರತೆ ಶೇಕಡ 2ರ ಆಸುಪಾಸು. ಪರಮಾಣುಗಳ ರಚನೆಗೆ ಸಂಬಂಧಿಸಿದ ಸಮೀಕರಣಗಳನ್ನು ಅದರಿಂದ ಬಿಡಿಸಿದರು. ಮರುವರ್ಷ ದೊಡ್ಡ ಯಂತ್ರ ಸಿದ್ಧವಾಯಿತು.

1998ರಲ್ಲಿ ಇಟ್ಟಿಗೆಯೊಳಗೆ ಪುಟ್ಟ ಗಣಕವೇ ಬಂತು. ಅದಕ್ಕೆ ಇಟ್ಟ ಹೆಸರು 'ಮೈಂಡ್‌ಸ್ಟಾರ್ಮ್ಸ್', ಶಿಕ್ಷಣ ಚಿಂತಕ ಸೇಮರ್ ಪ್ಯಾಪರ್ಟ್‌ನ ಪುಸ್ತಕದ ಹೆಸರು. ಈ ಮಾಲಿಕೆಯನ್ನು ಕಂಪನಿ 2022ರಲ್ಲಿ ನಿಲ್ಲಿಸಿತು. ಅಷ್ಟರಲ್ಲಿ ಅದರಿಂದ ಅನೇಕ ಯಂತ್ರಗಳು ಹುಟ್ಟಿದ್ದವು. 2014ರಲ್ಲಿ ಇಂಗ್ಲೆಂಡಿನ ಇಬ್ಬರು ಕಟ್ಟಿದ ಯಂತ್ರ ರೂಬಿಕ್ ಘನವನ್ನು 3.253 ಸೆಕೆಂಡಿನಲ್ಲಿ ಬಿಡಿಸಿತು. ಅದೇ ವರ್ಷ ಕ್ಯಾಲಿಫೋರ್ನಿಯದ ಏಳನೆಯ ತರಗತಿಯ ಹುಡುಗ ಶುಭಂ ಬ್ಯಾನರ್ಜಿ ಸುಮಾರು 350 ಡಾಲರಿನ ಕಿಟ್ ಬಳಸಿ ಬ್ರೈಲ್ ಮುದ್ರಕ ಮಾಡಿದ. ಆಗ ಮಾರುಕಟ್ಟೆಯಲ್ಲಿದ್ದ ಬ್ರೈಲ್ ಮುದ್ರಕಗಳ ಬೆಲೆ ಸಾವಿರಾರು ಡಾಲರು. ಘನ ಬಿಡಿಸುವ ಯಂತ್ರ ಬೆರಗು ಹುಟ್ಟಿಸುತ್ತದೆ ನಿಜ, ಆದರೆ ಕಲಿಯುವವರಿಗೆ ಎರಡನೆಯದೇ ಹೆಚ್ಚು ಬೆಲೆಯುಳ್ಳದ್ದು ಎಂದು ನನಗನಿಸುತ್ತದೆ.

ಬಟ್ಟಿಲ್ಲದ ತಕ್ಕಡಿ

ಈಗ ತಕ್ಕಡಿಗೆ ಬರೋಣ. ಅಂಗಡಿಯ ತಕ್ಕಡಿಯಲ್ಲಿ ಒಂದು ಕಡೆ ಅಕ್ಕಿ, ಇನ್ನೊಂದು ಕಡೆ ಬಟ್ಟು. ಬಟ್ಟು ಸರಿಯಿದೆಯೆಂದು ಹೇಳುವವರು ಯಾರು? ತೂಕ ಮತ್ತು ಅಳತೆ ಇಲಾಖೆಯ ಮಾನಕ ಬಟ್ಟು. ಅದಕ್ಕೆ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಮಾನಕ. ಅಲ್ಲಿರುವುದು ಪ್ಲಾಟಿನಮ್-ಇರಿಡಿಯಮ್ ಮಿಶ್ರಲೋಹದ 57ನೆಯ ಸಂಖ್ಯೆಯ ಪ್ರತಿ. ಅದರ ಮೂಲ ಪ್ಯಾರಿಸ್ ಬಳಿಯ ಸೆವ್ರ್‌ನಲ್ಲಿ ಗಾಜಿನ ಗಂಟೆಗಳ ಕೆಳಗಿರುವ ಒಂದು ಉರುಳೆ. 1889ರಿಂದ ಅದೇ ಕಿಲೋಗ್ರಾಂ. ಅದರ ದ್ರವ್ಯರಾಶಿ ಎಷ್ಟು ಎಂದು ಕೇಳುವಂತೆಯೇ ಇರಲಿಲ್ಲ, ಅದು ಎಷ್ಟಿದ್ದರೂ ಅದೇ ಒಂದು ಕಿಲೋಗ್ರಾಂ!

ತೊಂದರೆ ಕಂಡದ್ದು ಮೂಲವನ್ನು ಅದರ ಪ್ರತಿಗಳೊಂದಿಗೆ ಹೋಲಿಸಿದಾಗ. ಸುಮಾರು ನೂರು ವರ್ಷಗಳಲ್ಲಿ ಅವುಗಳ ನಡುವೆ 50 ಮೈಕ್ರೋಗ್ರಾಂಗಳಷ್ಟು ವ್ಯತ್ಯಾಸ ಬಂದಿತ್ತು. ಅದು ನುಣ್ಣನೆಯ ಮರಳಿನ ಒಂದು ಕಣದಷ್ಟು. ಮೂಲ ಸವೆಯಿತೋ ಪ್ರತಿಗಳು ಬೆಳೆದವೋ ಹೇಳಲು ಮೂರನೆಯ ಸಾಕ್ಷಿ ಇರಲಿಲ್ಲ. ಹಾಗಾಗಿ ಯಾವ ವಸ್ತುವನ್ನೂ ಆಧರಿಸದ, ಎಲ್ಲಿ ಬೇಕಾದರೂ ಮಾಡಿ ನೋಡಬಹುದಾದ ವ್ಯಾಖ್ಯೆ ಬೇಕಾಯಿತು.

ದಾರಿ ತೋರಿದ್ದು ಇಂಗ್ಲೆಂಡಿನ ರಾಷ್ಟ್ರೀಯ ಭೌತ ಪ್ರಯೋಗಾಲಯದ ಬ್ರಯಾನ್ ಕಿಬಲ್, 1975ರಲ್ಲಿ. ಅವನ ತಕ್ಕಡಿಗೆ ಮೊದಲಿದ್ದ ಹೆಸರು ವಾಟ್ ತಕ್ಕಡಿ. 2016ರಲ್ಲಿ ಅವನು ತೀರಿಕೊಂಡ ಮೇಲೆ ಅದನ್ನು ಕಿಬಲ್ ತಕ್ಕಡಿ ಎಂದು ಕರೆಯಲಾಗುತ್ತಿದೆ. ಇಟ್ಟಿಗೆಯ ತಕ್ಕಡಿ ಇದರದೇ ಚಿಕ್ಕ ರೂಪ.

ಇಟ್ಟಿಗೆಗಳಿಂದ ಕಟ್ಟಿದ ದಂಡದ ಎರಡು ತುದಿಗಳಲ್ಲೂ ತೆಳು ತಾಮ್ರದ ತಂತಿಯ ಒಂದೊಂದು ಸುರುಳಿ ತೂಗುತ್ತದೆ. ಸುರುಳಿಯೊಂದಿಗೇ ತಟ್ಟೆಯೂ ಇದೆ. ಸುರುಳಿಯ ನಡುವೆ, ಅದಕ್ಕೆ ತಗಲದಂತೆ, ನಿಯೋಡಿಮಿಯಮ್ ಕಾಂತಗಳು ನಿಂತಿವೆ. ಒಂದೇ ಧ್ರುವಗಳು ಎದುರುಬದುರಾಗಿರುವಂತೆ ಅವನ್ನು ಹಿಡಿದಿಡಲಾಗಿದೆ. ಹೀಗೆ ಇಟ್ಟಾಗ ಬಲರೇಖೆಗಳು ಪಕ್ಕಕ್ಕೆ ಚಿಮ್ಮಿ ಸುರುಳಿಯ ತಂತಿಯನ್ನು ಎಲ್ಲೆಡೆಯೂ ಲಂಬವಾಗಿ ಹಾಯುತ್ತವೆ. ಸುರುಳಿಯ ಚಲನೆಯನ್ನು ಲೇಸರ್ ಕಿರಣ ಮತ್ತು ಬೆಳಕಿನ ಸಂವೇದಕದಿಂದ ಗುರುತಿಸಲಾಗುತ್ತದೆ. ಕಿರಣಕ್ಕೆ ಎಷ್ಟು ಅಡ್ಡ ಬಂತು ಎಂಬುದರಿಂದ ಸುರುಳಿ ಎಷ್ಟು ಮೇಲಿದೆ ಎಂದು ತಿಳಿಯುತ್ತದೆ.

ಪ್ರಯೋಗ ಎರಡು ಹಂತಗಳದು. ಮೊದಲನೆಯದು ಬಲದ ಹಂತ. ತಟ್ಟೆಯಲ್ಲಿ ವಸ್ತುವನ್ನಿಟ್ಟಾಗ ಆ ಕಡೆ ತಗ್ಗುತ್ತದೆ. ಅದೇ ಕಡೆಯ ಸುರುಳಿಯಲ್ಲಿ ವಿದ್ಯುತ್ ಹರಿಸಿ ದಂಡವನ್ನು ಮತ್ತೆ ಮಟ್ಟಕ್ಕೆ ತರಬೇಕು. ಕಾಂತಕ್ಷೇತ್ರದಲ್ಲಿರುವ ತಂತಿಯ ಮೇಲಿನ ಬಲ ಎಷ್ಟೆಂದು ಪಿಯುಸಿ ಪಠ್ಯದಲ್ಲೇ ಇದೆ: ಕ್ಷೇತ್ರದ ತೀವ್ರತೆ, ತಂತಿಯ ಉದ್ದ, ಪ್ರವಾಹ ಈ ಮೂರರ ಗುಣಲಬ್ಧ. ಮಟ್ಟಕ್ಕೆ ಬಂದಾಗ ಅದು ವಸ್ತುವಿನ ತೂಕಕ್ಕೆ, ಎಂದರೆ ದ್ರವ್ಯರಾಶಿ ಮತ್ತು ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧಕ್ಕೆ ಸಮ.

ಪ್ರವಾಹವನ್ನು ಅಳೆಯುವುದು ಸುಲಭ. ತಂತಿ ಎಷ್ಟು ಉದ್ದ, ಸುರುಳಿಯ ಒಂದೊಂದು ಸುತ್ತಿನಲ್ಲೂ ಕಾಂತಕ್ಷೇತ್ರ ಎಷ್ಟು ಎಂದು ಅಳೆಯುವುದು ಬಹಳ ಕಷ್ಟ. ಕೈಯಲ್ಲಿ ಸುತ್ತಿದ ಸುರುಳಿಯಲ್ಲಂತೂ ಅಸಾಧ್ಯವೆಂದೇ ಹೇಳಬೇಕು. ತಿಳಿದ ಬಟ್ಟನ್ನಿಟ್ಟು ಆ ಗುಣಲಬ್ಧವನ್ನು ಕಂಡುಕೊಳ್ಳಬಹುದಲ್ಲ ಎಂದು ಕೇಳಬಹುದು. ಕಂಡುಕೊಳ್ಳಬಹುದು, ಆದರೆ ಆಗ ಮತ್ತೆ ಬಟ್ಟಿಗೇ ಶರಣಾದಂತೆ. ಕಿಬಲ್ ಈ ಗಂಟನ್ನು ಬಿಡಿಸಿದ್ದು ಎರಡನೆಯ ಹಂತದಿಂದ.

ಅದು ವೇಗದ ಹಂತ. ಈಗ ವಸ್ತುವನ್ನು ತೆಗೆದು, ಪ್ರವಾಹವನ್ನು ನಿಲ್ಲಿಸಿ, ಇನ್ನೊಂದು ತುದಿಯ ಸುರುಳಿಯ ನೆರವಿನಿಂದ ದಂಡವನ್ನು ಮೆಲ್ಲಗೆ ತೂಗಾಡಿಸಲಾಗುತ್ತದೆ. ನಮ್ಮ ಸುರುಳಿ ಕಾಂತಕ್ಷೇತ್ರದಲ್ಲಿ ಮೇಲೆ ಕೆಳಗೆ ಚಲಿಸುವಾಗ ಫ್ಯಾರಡೆ ನಿಯಮದಂತೆ ಅದರಲ್ಲಿ ವೋಲ್ಟೇಜ್ ಉಂಟಾಗುತ್ತದೆ. ಅದು ಕ್ಷೇತ್ರ, ಉದ್ದ, ವೇಗ ಇವುಗಳ ಗುಣಲಬ್ಧ. ಅದೇ ಕ್ಷೇತ್ರ, ಅದೇ ಉದ್ದ! ವೋಲ್ಟೇಜನ್ನು ವೇಗದಿಂದ ಭಾಗಿಸಿದರೆ ಅಳೆಯಲಾಗದೆ ಉಳಿದಿದ್ದ ಗುಣಲಬ್ಧ ತಾನಾಗಿ ಕೈಗೆ ಬರುತ್ತದೆ.

ಉದಾಹರಣೆಗೆ ಸುರುಳಿ ಸೆಕೆಂಡಿಗೆ 2 ಮಿ.ಮೀ. ವೇಗದಲ್ಲಿ ಚಲಿಸಿದಾಗ 20 ಮಿಲಿವೋಲ್ಟ್ ಬಂತು ಎನ್ನೋಣ. ಭಾಗಿಸಿದರೆ 10. ಇದು ಕ್ಷೇತ್ರ ಮತ್ತು ಉದ್ದಗಳ ಗುಣಲಬ್ಧ. ಬಲದ ಹಂತದಲ್ಲಿ 5 ಮಿಲಿಆಂಪಿಯರ್ ಬೇಕಾಗಿದ್ದರೆ ಬಲ 10 × 0.005 = 0.05 ನ್ಯೂಟನ್. ಬೆಂಗಳೂರಿನಲ್ಲಿ ಗುರುತ್ವ ವೇಗೋತ್ಕರ್ಷ 9.78. ಭಾಗಿಸಿದರೆ ವಸ್ತುವಿನ ದ್ರವ್ಯರಾಶಿ 5.11 ಗ್ರಾಂ. ಪಠ್ಯಪುಸ್ತಕದ 9.81 ಬಳಸಿದ್ದರೆ 5.10 ಬರುತ್ತಿತ್ತು. ವ್ಯತ್ಯಾಸ ಶೇಕಡ 0.3. ಆಟಿಕೆ ತಕ್ಕಡಿಗೆ ಇದು ನಡೆದೀತು, ಮಾನಕ ಪ್ರಯೋಗಾಲಯಕ್ಕೆ ನಡೆಯದು. ಅಲ್ಲಿ ತಕ್ಕಡಿಯ ಪಕ್ಕದಲ್ಲೇ ಗುರುತ್ವವನ್ನೂ ಅಳೆಯುತ್ತಾರೆ.

ಎರಡೂ ಸಮೀಕರಣಗಳನ್ನು ಕೂಡಿಸಿ ಬರೆದರೆ ವೋಲ್ಟೇಜ್ ಮತ್ತು ಪ್ರವಾಹಗಳ ಗುಣಲಬ್ಧ ತೂಕ ಮತ್ತು ವೇಗಗಳ ಗುಣಲಬ್ಧಕ್ಕೆ ಸಮ. ಎಡಗಡೆ ವಿದ್ಯುತ್ ಸಾಮರ್ಥ್ಯ, ಬಲಗಡೆ ಯಾಂತ್ರಿಕ ಸಾಮರ್ಥ್ಯ, ಎರಡಕ್ಕೂ ಮಾನ ವಾಟ್. ವಾಟ್ ತಕ್ಕಡಿ ಎಂಬ ಹೆಸರು ಬಂದದ್ದು ಇದರಿಂದ. ವೋಲ್ಟೇಜನ್ನು ಒಂದು ಹೊತ್ತಿನಲ್ಲಿ, ಪ್ರವಾಹವನ್ನು ಇನ್ನೊಂದು ಹೊತ್ತಿನಲ್ಲಿ ಅಳೆದಿರುವುದರಿಂದ ತಂತಿ ಬಿಸಿಯಾಗಿ ಪೋಲಾಗುವ ಶಕ್ತಿ ಲೆಕ್ಕದೊಳಗೆ ಬರುವುದೇ ಇಲ್ಲ.

ಮೊದಲ ಪ್ರಶ್ನೆಗೆ ಉತ್ತರವೂ ಇಲ್ಲಿದೆ. ಸುರುಳಿ ಓರೆಕೋರೆಯಾಗಿರಲಿ, ಸುತ್ತುಗಳ ಎಣಿಕೆ ತಪ್ಪಲಿ, ಕಾಂತ ದುರ್ಬಲವಾಗಿರಲಿ, ಎರಡೂ ಹಂತಗಳಲ್ಲಿ ಅದೇ ಸುರುಳಿ, ಅದೇ ಕಾಂತ ಇರುವವರೆಗೆ ಆ ದೋಷಗಳು ಒಂದನ್ನೊಂದು ಕಳೆದುಕೊಳ್ಳುತ್ತವೆ. ವಸ್ತುವೂ ಸುರುಳಿಯೂ ದಂಡದ ಒಂದೇ ತುದಿಯಲ್ಲಿ ತೂಗುವುದರಿಂದ ದಂಡದ ಉದ್ದವೂ ಲೆಕ್ಕದಿಂದ ಹೊರಗೆ. ಪ್ಲಾಸ್ಟಿಕ್ ಇಟ್ಟಿಗೆ ಮಾಡಬೇಕಾದದ್ದು ಭಾಗಗಳನ್ನು ಹಿಡಿದಿಡುವ ಕೆಲಸ ಮಾತ್ರ. ಆ ಕೆಲಸಕ್ಕೆ 10 ಮೈಕ್ರೋಮೀಟರಿನ ನಿಖರತೆ ಧಾರಾಳವಾಗಿ ಸಾಕು.

ಕಳೆದುಹೋಗದ ದೋಷಗಳೂ ಇವೆ. ದಂಡ ತೂಗುವ ಆನಿಕೆಯಲ್ಲಿ ಘರ್ಷಣೆ ಇದ್ದರೆ ದಂಡ ಮಟ್ಟಕ್ಕೆ ಬರುವ ಮೊದಲೇ ನಿಂತುಬಿಡುತ್ತದೆ. ಸುರುಳಿ ಲಂಬವಾಗಿ ಚಲಿಸದೆ ಪಕ್ಕಕ್ಕೆ ಓಲಾಡಿದರೆ ವೇಗದ ಅಳತೆ ಕೆಡುತ್ತದೆ. ಇಟ್ಟಿಗೆಯ ತಕ್ಕಡಿ ಶೇಕಡ 1ರಲ್ಲಿ ನಿಲ್ಲುವುದಕ್ಕೆ ಇಂಥವೇ ಕಾರಣ. ಅದೇ ಅಮೆರಿಕನ್ ಸಂಸ್ಥೆಯ ದೊಡ್ಡ ಕಿಬಲ್ ತಕ್ಕಡಿ 2017ರಲ್ಲಿ ಮುಟ್ಟಿದ ಅನಿಶ್ಚಿತತೆ ನೂರು ಕೋಟಿಯಲ್ಲಿ 13 ಭಾಗ. ಆಟಿಕೆಗಿಂತ ಸುಮಾರು ಹತ್ತು ಲಕ್ಷ ಪಟ್ಟು ಉತ್ತಮ. ನಿರ್ವಾತದಲ್ಲಿ ಕೆಲಸ ಮಾಡುವ, ಕೋಣೆಯ ಎತ್ತರದ ಯಂತ್ರ ಅದು. ತತ್ವ ಮಾತ್ರ ಒಂದೇ.

ಪ್ಲಾಂಕ್ ಎಲ್ಲಿಂದ ಬಂದ?

ಇಷ್ಟರಲ್ಲಿ ಪ್ಲಾಂಕ್ ನಿಯತಾಂಕದ ಸುಳಿವೇ ಇಲ್ಲವಲ್ಲ ಎಂದು ಕೇಳಬಹುದು. ಅದು ಅಡಗಿರುವುದು ವೋಲ್ಟ್ ಮೀಟರಿನ ಹಿಂದೆ. ಬ್ರಯಾನ್ ಜೋಸೆಫ್ಸನ್ 1962ರಲ್ಲಿ ಊಹಿಸಿದ ಪರಿಣಾಮದಂತೆ, ಎರಡು ಅತಿವಾಹಕಗಳ ನಡುವೆ ಅತಿ ತೆಳುವಾದ ನಿರೋಧಕ ಪದರವಿದ್ದು ಅದರ ಮೇಲೆ ಸೂಕ್ಷ್ಮತರಂಗ ಬಿದ್ದರೆ, ಉಂಟಾಗುವ ವೋಲ್ಟೇಜ್ ತರಂಗದ ಆವೃತ್ತಿಗೆ ನೇರ ಅನುಪಾತದಲ್ಲಿರುತ್ತದೆ. ಅನುಪಾತದ ಗುಣಾಂಕವೆಂದರೆ ಪ್ಲಾಂಕ್ ನಿಯತಾಂಕವನ್ನು ಇಲೆಕ್ಟ್ರಾನಿನ ಆವೇಶದ ಎರಡರಷ್ಟರಿಂದ ಭಾಗಿಸಿದ್ದು. 1980ರಲ್ಲಿ ಕ್ಲಾಸ್ ಫಾನ್ ಕ್ಲಿಟ್ಸಿಂಗ್ ಕಂಡುಹಿಡಿದ ಕ್ವಾಂಟಂ ಹಾಲ್ ಪರಿಣಾಮ ವಿದ್ಯುತ್ ರೋಧಕ್ಕೂ ಇಂಥದೇ ಮಾನಕ ಕೊಟ್ಟಿತು: ಪ್ಲಾಂಕ್ ನಿಯತಾಂಕವನ್ನು ಆವೇಶದ ವರ್ಗದಿಂದ ಭಾಗಿಸಿದರೆ ಸುಮಾರು 25,813 ಓಮ್.

ಪ್ರವಾಹವನ್ನು ನಾವು ಅಳೆಯುವುದು ಒಂದು ರೋಧದ ಮೇಲಿನ ವೋಲ್ಟೇಜಿನಿಂದ. ಆದುದರಿಂದ ವಿದ್ಯುತ್ ಸಾಮರ್ಥ್ಯವೆಂದರೆ ಒಂದು ವೋಲ್ಟೇಜನ್ನು ಇನ್ನೊಂದು ವೋಲ್ಟೇಜಿನಿಂದ ಗುಣಿಸಿ ರೋಧದಿಂದ ಭಾಗಿಸಿದ್ದು. ಎರಡು ವೋಲ್ಟೇಜುಗಳಿಂದ ಪ್ಲಾಂಕ್ ನಿಯತಾಂಕದ ವರ್ಗ ಮೇಲೆ, ಆವೇಶದ ವರ್ಗದ ನಾಲ್ಕರಷ್ಟು ಕೆಳಗೆ. ರೋಧದಿಂದ ಭಾಗಿಸಿದಾಗ ಆವೇಶದ ವರ್ಗ ಹೊಡೆದುಹೋಗುತ್ತದೆ, ಪ್ಲಾಂಕ್ ನಿಯತಾಂಕದ ಕಾಲು ಭಾಗ ಉಳಿಯುತ್ತದೆ. ಉಳಿದುದೆಲ್ಲ ಆವೃತ್ತಿಗಳು ಮತ್ತು ಎಣಿಸಬಹುದಾದ ಪೂರ್ಣಾಂಕಗಳು. ತೂಗುವ ವಸ್ತುವಿಗೂ ಪ್ಲಾಂಕ್ ನಿಯತಾಂಕಕ್ಕೂ ಹೀಗೆ ಗಂಟು ಬೀಳುತ್ತದೆ.

2018ರ ನವೆಂಬರ್ 16ರಂದು ವರ್ಸೈಯಲ್ಲಿ ಸೇರಿದ್ದ ಅಳತೆ ಮತ್ತು ತೂಕಗಳ ಮಹಾಸಭೆ ಪ್ಲಾಂಕ್ ನಿಯತಾಂಕದ ಬೆಲೆಯನ್ನು 6.62607015 × 10⁻³⁴ ಜೌಲ್-ಸೆಕೆಂಡ್ ಎಂದು ನಿಗದಿಪಡಿಸಿತು. 2019ರ ಮೇ 20ರಿಂದ ಅದು ಜಾರಿಗೆ ಬಂತು. ಸೆವ್ರ್‌ನ ಉರುಳೆ ಅಂದಿನಿಂದ ಮೂಲಮಾನವಲ್ಲ. ಒಂದು ಸೂಕ್ಷ್ಮವನ್ನು ಇಲ್ಲಿ ಗಮನಿಸಬೇಕು. 2015ರಲ್ಲಿ ಇಟ್ಟಿಗೆಯ ತಕ್ಕಡಿಯಲ್ಲಿ ತಿಳಿದ ಬಟ್ಟನ್ನಿಟ್ಟು ಪ್ಲಾಂಕ್ ನಿಯತಾಂಕವನ್ನು ಅಳೆಯುವುದಕ್ಕೆ ಅರ್ಥವಿತ್ತು. ಈಗ ಆ ಬೆಲೆ ನಿಗದಿಯಾಗಿರುವುದರಿಂದ ಅದನ್ನು ಅಳೆಯುವ ಮಾತೇ ಇಲ್ಲ. ಅದೇ ಯಂತ್ರ, ಅದೇ ವಾಚನಗಳು, ಆದರೆ ಉತ್ತರವಾಗಿ ಬರುವುದು ದ್ರವ್ಯರಾಶಿ.

ನಮ್ಮ ಶಾಲೆಯಲ್ಲಿ

ಅಮೆರಿಕದ ತಕ್ಕಡಿಗೆ ತಗಲಿದ್ದು ಕೆಲವು ನೂರು ಡಾಲರು. ಸಾಮಾನ್ಯ ಪ್ರೌಢಶಾಲೆಗೆ ಅದು ಕೈಗೆಟುಕದು. ಆದರೆ ಇಟ್ಟಿಗೆ ಇಲ್ಲಿ ಹಿಡಿದಿಡುವ ಕೆಲಸವನ್ನಷ್ಟೇ ಮಾಡುವುದರಿಂದ ಮರದ ಅಳತೆಪಟ್ಟಿ, ಹೊಲಿಗೆ ಸೂಜಿ, ಪಿವಿಸಿ ಕೊಳವೆಯಿಂದಲೂ ಆದೀತು.

25 ಮಿ.ಮೀ. ವ್ಯಾಸದ ಕೊಳವೆಯ ತುಂಡಿಗೆ ಎನಾಮಲ್ ಲೇಪಿಸಿದ ತೆಳು ತಾಮ್ರದ ತಂತಿಯನ್ನು 500 ಸುತ್ತು ಸುತ್ತಿದರೆ ಉದ್ದ ಸುಮಾರು 39 ಮೀಟರು. ಕಾಂತಕ್ಷೇತ್ರ 0.1 ಟೆಸ್ಲಾ ಎಂದುಕೊಂಡರೆ ಗುಣಲಬ್ಧ 3.9. ಆಗ 1 ಗ್ರಾಂ ಎತ್ತಲು 2.5 ಮಿಲಿಆಂಪಿಯರ್ ಸಾಕು. ಒಂದು ಟಾರ್ಚ್ ಸೆಲ್ಲು ಮತ್ತು ಬದಲಾಯಿಸಬಹುದಾದ ರೋಧದಿಂದ ಇದನ್ನು ಪಡೆಯಬಹುದು. ಸಾಧಾರಣ ಡಿಜಿಟಲ್ ಮಲ್ಟಿಮೀಟರು ಇದನ್ನು ಅಳೆಯುತ್ತದೆ.

ತೂಗಲು ನಾಣ್ಯ ಬಳಸಬೇಡಿ. ನಮ್ಮ ಒಂದು ರೂಪಾಯಿಯ ಉಕ್ಕಿನ ನಾಣ್ಯ ಕಾಂತಕ್ಕೆ ಅಂಟುತ್ತದೆ, ಅದರಿಂದ ಬಲ ತಪ್ಪಾಗಿ ತೋರುತ್ತದೆ. ಕಾಗದ ಉತ್ತಮ. ಎ4 ಹಾಳೆಯ ವಿಸ್ತೀರ್ಣ ಒಂದು ಚದರ ಮೀಟರಿನ ಹದಿನಾರನೆಯ ಒಂದು ಭಾಗ. ಕಟ್ಟಿನ ಮೇಲೆ ಚದರ ಮೀಟರಿಗೆ 80 ಗ್ರಾಂ ಎಂದು ಮುದ್ರಿಸಿದ್ದರೆ ಒಂದು ಹಾಳೆ 5 ಗ್ರಾಂ. ಉದ್ದಕ್ಕೆ ಐದು ಸಮಭಾಗ ಮಾಡಿದರೆ ಒಂದೊಂದೂ 1 ಗ್ರಾಂ. ಪ್ರಯೋಗದ ಉತ್ತರವನ್ನು ಇದರೊಂದಿಗೆ ತಾಳೆ ನೋಡಬಹುದು. ಮಳೆಗಾಲದಲ್ಲಿ ಕಾಗದ ತೇವ ಹೀರುತ್ತದೆ ಎಂಬುದು ನೆನಪಿರಲಿ.

ಕಷ್ಟವಿರುವುದು ವೇಗದ ಹಂತದಲ್ಲಿ. ಲೇಸರ್ ಏರ್ಪಾಡಿನ ಬದಲು ನಿಮಿಷಕ್ಕೆ 10 ಸುತ್ತು ಸುತ್ತುವ ಗಿಯರು ಮೋಟರೊಂದನ್ನು ಬಳಸಬಹುದು. ಅದರ ಅಚ್ಚಿಗೆ 10 ಮಿ.ಮೀ. ವ್ಯಾಸದ ಉರುಳೆ ಹಾಕಿ, ಅದಕ್ಕೆ ದಾರ ಸುತ್ತಿ, ದಾರದಿಂದ ಸುರುಳಿಯನ್ನು ಮೇಲಕ್ಕೆಳೆದರೆ ವೇಗ ಸೆಕೆಂಡಿಗೆ 5.2 ಮಿ.ಮೀ. ಉಂಟಾಗುವ ವೋಲ್ಟೇಜ್ ಸುಮಾರು 20 ಮಿಲಿವೋಲ್ಟ್. 200 ಮಿಲಿವೋಲ್ಟ್ ವ್ಯಾಪ್ತಿಯಲ್ಲಿ ಇದನ್ನು ಓದಬಹುದು. ಮೋಟರಿನ ನಿಜವಾದ ವೇಗವನ್ನು ಹತ್ತು ಸುತ್ತುಗಳ ಕಾಲ ಅಳೆದು ತಿಳಿಯಿರಿ, ಡಬ್ಬಿಯ ಮೇಲೆ ಬರೆದದ್ದನ್ನು ನಂಬಬೇಡಿ. ಮೋಟರು ಕಾಂತದಿಂದ ದೂರವಿರಲಿ, ದಾರ ಉದ್ದವಿರಲಿ. ದಂಡ ಮಟ್ಟವಾಗಿದ್ದಾಗ ಸುರುಳಿ ಯಾವ ಎತ್ತರದಲ್ಲಿತ್ತೋ ಅದೇ ಎತ್ತರವನ್ನು ಹಾಯುವಾಗಿನ ವಾಚನವನ್ನೇ ತೆಗೆದುಕೊಳ್ಳಬೇಕು. ಬೇರೆ ಎತ್ತರದಲ್ಲಿ ಕಾಂತಕ್ಷೇತ್ರವೂ ಬೇರೆ, ಆಗ ದೋಷಗಳು ಕಳೆದುಹೋಗುವ ಅನುಕೂಲವೇ ತಪ್ಪುತ್ತದೆ. ಅನೇಕ ಸಲ ಎಳೆದು ಸರಾಸರಿ ತೆಗೆಯಿರಿ. ಉತ್ತರ ಶೇಕಡ 5ರೊಳಗೆ ಬಂದರೆ ಒಳ್ಳೆಯ ಫಲಿತಾಂಶವೆಂದೇ ತಿಳಿಯಬಹುದು.

ಬಲದ ಹಂತದಲ್ಲಿ ಒಂದು, ಎರಡು, ಮೂರು ಹೀಗೆ ಐದು ಪಟ್ಟಿಗಳವರೆಗೆ ಇಟ್ಟು ಪ್ರವಾಹದ ನಕ್ಷೆ ಎಳೆಯಿರಿ. ಬಿಂದುಗಳು ಸರಳರೇಖೆಯ ಮೇಲೆ ಬೀಳಬೇಕು, ರೇಖೆ ಮೂಲಬಿಂದುವನ್ನು ಹಾಯಬೇಕು. ಪಟ್ಟಿಗಳನ್ನು ಏರಿಸುತ್ತ ಹೋದಾಗ ಒಂದು ರೇಖೆ, ಇಳಿಸುತ್ತ ಬಂದಾಗ ಇನ್ನೊಂದು ರೇಖೆ ಬಂದರೆ ಆನಿಕೆಯ ಸೂಜಿಯಲ್ಲಿ ಘರ್ಷಣೆ ಇದೆ ಎಂದರ್ಥ. ಆ ಎರಡು ರೇಖೆಗಳ ಅಂತರದ ಅರ್ಧದಷ್ಟು ಆ ಘರ್ಷಣೆಯ ಅಳತೆ.